ಒಂದು ದಿನದ ಕಡಲು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಸಮುದ್ರ ನೋಡದ ದೊಡ್ಡವರು ಒಬ್ಬರೇ ಇದ್ದರು. ನನ್ನ ಹೆಂಡತಿ. ವಯಸ್ಸು 66. ಮದುವೆಯಾದ ಹೊಸದರಲ್ಲಿ "ಮುಂದಿನ ವರ್ಷ ಕರೆದುಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟವನು ನಾನೇ. ಆಮೇಲೆ ಮಕ್ಕಳಾದರು, ಸಾಲ ಮಾಡಿ ಸ್ವಂತ ಮಗ್ಗ ಹಾಕಿದೆವು. ಮಗ್ಗ ನಿಂತರೆ ಅವತ್ತಿನ ಸಂಪಾದನೆಯೂ ನಿಂತ ಹಾಗೆ. ಸೀರೆ ಕೊಟ್ಟು ಬರಲು ಎರಡು ಸಲ ಮಂಗಳೂರಿಗೆ ಹೋಗಿದ್ದೆ. ಎರಡು ಸಲವೂ ಒಬ್ಬನೇ.

ಕಳೆದ ದೀಪಾವಳಿ ರಜೆಯಲ್ಲಿ ಏಳನೇ ತರಗತಿಯ ಮೊಮ್ಮಗಳು ಭಾರತದ ನಕಾಶೆ ಬಿಡಿಸುತ್ತಾ ಕೂತಿದ್ದಳು. "ಅಜ್ಜೀ, ನೀನು ಬಂಗಾಳ ಕೊಲ್ಲಿ ನೋಡಿದೀಯೋ, ಅರಬ್ಬಿ ಸಮುದ್ರ ನೋಡಿದೀಯೋ?" ಎಂದು ಕೇಳಿದಳು.

"ನಾನು ನಾಗರಕೆರೆ ನೋಡಿದೀನಿ ಕಣೆ" ಎಂದಳು ಅಜ್ಜಿ.

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅಂದು ರಾತ್ರಿಯೇ ಊಟಕ್ಕೆ ಕೂತಾಗ ಹೇಳಿಬಿಟ್ಟೆ: "ಈ ಸಲ ಹೋಗೋದೇ." ಮಗನಿಗೆ ಸಿಗುವುದು ಒಂದು ಶನಿವಾರ, ಒಂದು ಭಾನುವಾರ. ಅಷ್ಟರೊಳಗೆ ಅಜ್ಜಿಗೆ ಒಂದು ಪೂರ್ತಿ ದಿನ ಸಮುದ್ರ ಸಿಗಬೇಕು. ಇದು ಲೆಕ್ಕ.

ಮೊದಲ ಪ್ರಶ್ನೆ, ಯಾವ ಸಮುದ್ರ? ಬೆಂಗಳೂರಿನಿಂದ ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು. ರಸ್ತೆಯಲ್ಲಿ ಎರಡೂ ಸುಮಾರು 350 ಕಿ.ಮೀ. ನಮ್ಮ ಕಡೆಯವರು ಎರಡು ಸಮುದ್ರಗಳ ಮಧ್ಯೆ ಕೂತಿದ್ದೇವೆ.

ನಾಲ್ಕನೇ ತರಗತಿಯ ಮೊಮ್ಮಗ ಕೇಳಿದ: "ನಮ್ಮೂರ ನೀರು ಎಲ್ಲಿಗೆ ಹೋಗುತ್ತೆ ತಾತ?" ಒಳ್ಳೆಯ ಪ್ರಶ್ನೆ. ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ, ನಮ್ಮ ತಾಲ್ಲೂಕು ಹಾದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಕಾವೇರಿ ಹೋಗುವುದು ಬಂಗಾಳ ಕೊಲ್ಲಿಗೆ. ದೇವನಹಳ್ಳಿ, ಹೊಸಕೋಟೆ ಕಡೆಯ ದಕ್ಷಿಣ ಪಿನಾಕಿನಿಯೂ ತಮಿಳುನಾಡಿಗೆ ಇಳಿದು ಕಡಲೂರಿನ ಹತ್ತಿರ ಅದೇ ಕೊಲ್ಲಿಗೆ ಸೇರುತ್ತದೆ. "ಹಾಗಾದ್ರೆ ನಾವೂ ಪೂರ್ವಕ್ಕೇ ಹೋಗೋಣ, ಮಹಾಬಲಿಪುರಕ್ಕೆ" ಎಂದು ಅವನು ಪಟ್ಟು ಹಿಡಿದ.

ಮೊಮ್ಮಗಳು ಏನೂ ಹೇಳದೆ ನಕಾಶೆಯ ಮೇಲೆ ಸ್ಕೇಲ್ ಇಟ್ಟಳು. ದೊಡ್ಡಬಳ್ಳಾಪುರದಿಂದ ನೇರ ಪಶ್ಚಿಮಕ್ಕೆ ಒಂದು ಗೆರೆ ಎಳೆದಳು. ಗೆರೆ ಮಲೆನಾಡು ದಾಟಿ, ಘಟ್ಟ ಇಳಿದು, ಉಡುಪಿಯ ಪಕ್ಕದ ಮಲ್ಪೆಯ ಹತ್ತಿರ ಸಮುದ್ರಕ್ಕೆ ಬಿತ್ತು. ನಮ್ಮೂರೂ ಮಲ್ಪೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿ ಉತ್ತರಕ್ಕಿಂತ ತುಸು ಮೇಲೆ. ಮಕ್ಕಳೇ, ನೀವೂ ಎಳೆದು ನೋಡಿ. ದೇವನಹಳ್ಳಿಯವರ ಗೆರೆ ಕಾಪು ಹತ್ತಿರ ಕಡಲು ಮುಟ್ಟುತ್ತದೆ. ನೆಲಮಂಗಲ, ಹೊಸಕೋಟೆಯವರದು ಮೂಲ್ಕಿ ಹತ್ತಿರ. "ನೇರ ಹೋದ್ರೆ ಸಿಗೋದು ಮಲ್ಪೆ. ಅಜ್ಜಿ ಸಮುದ್ರ ಅದೇ" ಎಂದಳು. ತಮ್ಮನೂ ಒಪ್ಪಿದ.

ಎರಡನೇ ಪ್ರಶ್ನೆ, ಹೇಗೆ ಹೋಗುವುದು? ಮಗ ಕಾರು ಎಂದ. ಲೆಕ್ಕ ಹಾಕಿದೆವು. ಊರಿನಿಂದ ಮಲ್ಪೆಗೆ 400 ಕಿ.ಮೀ. ಆಸುಪಾಸು. ಘಟ್ಟದ ದಾರಿ, ಅಲ್ಲಲ್ಲಿ ನಿಲ್ಲಬೇಕು, ಎಂಟು ಗಂಟೆಯಾದರೂ ಬೇಕು. ಹೋಗಿ ಬರಲು ಹದಿನಾರು. ಒಂದೇ ದಿನದಲ್ಲಿ ಮುಗಿಸಿದರೆ ಸಮುದ್ರಕ್ಕೆ ಉಳಿಯುವುದು ಎರಡೋ ಮೂರೋ ಗಂಟೆ. ಅದರಲ್ಲೂ ಅಜ್ಜಿಯ ಮಂಡಿ ಅಷ್ಟು ಹೊತ್ತು ಮಡಚಿಕೊಂಡು ಕೂರುವುದಿಲ್ಲ. ಆ ಹಾಳೆ ಹರಿದು ಹಾಕಿದೆವು.

ಉಳಿದದ್ದು ರಾತ್ರಿಯ ರೈಲು. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಯಶವಂತಪುರ, ಹಾಸನ, ಸಕಲೇಶಪುರದ ಮೇಲೆ ಹೋಗಿ ಬೆಳಗಿನ ಜಾವ ಉಡುಪಿ ಮುಟ್ಟುತ್ತದೆ. ಅದೇ ರೈಲು ರಾತ್ರಿ ಉಡುಪಿಯಿಂದ ಹತ್ತಿಸಿಕೊಂಡು ಬೆಳಗ್ಗೆ ವಾಪಸು ತಂದುಬಿಡುತ್ತದೆ. ಎರಡು ರಾತ್ರಿ ರೈಲಿನಲ್ಲಿ ನಿದ್ದೆ, ನಡುವಿನ ಹಗಲೆಲ್ಲ ಕಡಲಿಗೆ. ಟಿಕೆಟು 60 ದಿನ ಮೊದಲು ತೆರೆಯುತ್ತದೆ, ತೆರೆದ ದಿನವೇ ಕಾಯ್ದಿರಿಸಿದೆವು. ವಯಸ್ಸಾದವರಿಗೆ ಕೆಳಗಿನ ಬರ್ತಿನಲ್ಲಿ ಆದ್ಯತೆಯಿದೆ. ಟಿಕೆಟು ಮಾಡುವಾಗ ನಿಜವಾದ ವಯಸ್ಸು ಹಾಕಿ, ನಾಚಿಕೆ ಬೇಡ!

ದಿನ ಗೊತ್ತುಮಾಡಿದ್ದು ಜನವರಿಗೆ. ಮಳೆಗಾಲದಲ್ಲಿ ಮಲ್ಪೆಗೆ ಹೋಗಿ ಪ್ರಯೋಜನವಿಲ್ಲ. ಕಡಲು ರೊಚ್ಚಿಗೇಳುತ್ತದೆ, ದ್ವೀಪದ ದೋಣಿ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ. ಮೀನು ಮರಿ ಮಾಡುವ ಕಾಲ ಅದು.

ಇನ್ನು ನೋಡುವ ಜಾಗಗಳು. ಮಕ್ಕಳ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು. 1901ರ ಕಾಪು ದೀಪಸ್ತಂಭ, ಮಣಿಪಾಲ, ಮರವಂತೆ, ಮುರುಡೇಶ್ವರವೂ ಸೇರಿ. ಅಜ್ಜಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. "ನಾವು ಸಮುದ್ರ ನೋಡೋಕೆ ಹೋಗೋದಾ, ಬಸ್ಸು ನೋಡೋಕಾ?" ಎಂದು ಕೇಳಿ ಆರನ್ನು ಹೊಡೆದುಹಾಕಿದಳು. ಉಳಿದದ್ದು ಕೃಷ್ಣಮಠ, ದ್ವೀಪ, ಮಲ್ಪೆಯ ದಡ. ಸಂಜೆ ನಾಲ್ಕರಿಂದ ಆರೂವರೆ ಎಂಬಲ್ಲಿ "ಏನೂ ಇಲ್ಲ" ಎಂದು ಬರೆಸಿದಳು. ಮೊಮ್ಮಗನಿಗೆ ಅದು ಅರ್ಥವಾಗಲಿಲ್ಲ. ನನಗೂ ಆಗಿರಲಿಲ್ಲ.

ಶುಕ್ರವಾರ ಯಶವಂತಪುರದಲ್ಲಿ ರೈಲು ಹತ್ತಿದೆವು. ಚಪಾತಿ, ಚಟ್ನಿಪುಡಿ ಬಿಚ್ಚಿದೆವು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ ಘಟ್ಟದಲ್ಲಿ 57 ಸುರಂಗಗಳಿವೆ, ಎಲ್ಲವನ್ನೂ ಎಣಿಸುತ್ತೇನೆಂದು ಹೊರಟಿದ್ದ ಮೊಮ್ಮಗ ಹಾಸನಕ್ಕೆ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಉಡುಪಿಯಲ್ಲಿ ಇಳಿದಾಗ ಇನ್ನೂ ಕತ್ತಲು. ಮಠದ ಹತ್ತಿರ ಸ್ನಾನಕ್ಕೆಂದು ಒಂದು ಕೋಣೆ ಹಿಡಿದಿದ್ದೆವು. ಹೊರಗೆ ಕನಕನ ಕಿಂಡಿಗೆ ಕೈಮುಗಿದು ಒಳಗೆ ಹೋಗಿ ದರ್ಶನ ಮಾಡಿದೆವು. ಉಡುಪಿಯ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. "ನನಗಿಂತ ಮುಂಚೆ ಇವನೇ ಸಮುದ್ರದ ಕಡೆ ತಿರುಗಿ ನಿಂತವ್ನೆ" ಎಂದಳು ಅಜ್ಜಿ.

ತಿಂಡಿ ಮುಗಿಸಿ ಮಲ್ಪೆಗೆ ಹೊರಟೆವು. ಆಟೋ ಇಳಿದಾಗ ಮೊದಲು ಬಂದದ್ದು ಸದ್ದು. ನಾಲ್ಕು ಹೆಜ್ಜೆ ಇಟ್ಟ ಮೇಲೆ ನೀರು ಕಂಡಿತು. ಅಜ್ಜಿ ನಿಂತುಬಿಟ್ಟಳು. ಚಪ್ಪಲಿ ಬಿಟ್ಟಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಇದಕ್ಕೆ ಏರಿ ಎಲ್ಲಿ?"

ಕೆರೆ ನೋಡಿ ಬೆಳೆದವರ ಪ್ರಶ್ನೆ ಅದು. ನೀರು ಎಂದರೆ ಅದನ್ನು ಹಿಡಿದಿಡುವ ಒಂದು ಏರಿ ಇರಲೇಬೇಕು. ಮೊಮ್ಮಗಳು ಕೈ ಚಾಚಿ ತೋರಿಸಿದಳು: "ಹೀಗೇ ನೇರ ಹೋದ್ರೆ ಯೆಮನ್ ದೇಶ ಬರುತ್ತೆ ಅಜ್ಜಿ. ಅದೇ ಏರಿ ಅಂದ್ಕೋ." ಮೊಮ್ಮಗ ಬೆರಳದ್ದಿ ನೀರು ನೆಕ್ಕಿ ಮುಖ ಕಿವುಚಿದ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಕೂಡದು ಎಂದು ಮನೆಯಲ್ಲೇ ಕರಾರಾಗಿತ್ತು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. "ಅಯ್ಯೋ, ನೆಲ ಜಾರ್ತೈತೆ" ಎಂದು ಅಜ್ಜಿ ನನ್ನ ತೋಳು ಹಿಡಿದುಕೊಂಡಳು.

ದ್ವೀಪಕ್ಕೆ ಮಕ್ಕಳೂ ಅಪ್ಪ ಅಮ್ಮನೂ ಹೋಗುವುದು, ನಾವಿಬ್ಬರು ದಡದಲ್ಲಿರುವುದು ಎಂದು ಗೊತ್ತಾಗಿತ್ತು. ದೋಣಿ ಎದುರಿಗೆ ಬಂದಾಗ ಅಜ್ಜಿ, "ನಾನೂ ಬರ್ತೀನಿ" ಎಂದಳು. ಸೀರೆಯ ಮೇಲೆ ಲೈಫ್ ಜಾಕೆಟ್ ಕಟ್ಟಿದೆವು. ಹತ್ತುವಾಗ ಇಬ್ಬರು, ಇಳಿಯುವಾಗ ಮೂವರು ಹಿಡಿದುಕೊಳ್ಳಬೇಕಾಯಿತು.

ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲುಗಳು ಐದು, ಆರು ಮೂಲೆಯ ಕಂಬಗಳ ಹಾಗೆ ಒತ್ತಾಗಿ ನಿಂತಿವೆ. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದು, ಬೇರೆಯಾದ ಕಾಲದ ಲಾವಾ ಇದು. ಸುಮಾರು 8.8 ಕೋಟಿ ವರ್ಷ ಹಳೆಯದು. ಮೊಮ್ಮಗಳು ಇದನ್ನೆಲ್ಲ ಓದಿಕೊಂಡು ಬಂದಿದ್ದಳು. ಆದರೆ ಕಲ್ಲು ಯಾರೂ ಕಡಿಯದೆ ಇಷ್ಟು ಅಚ್ಚುಕಟ್ಟಾಗಿ ಹೇಗೆ ಒಡೆಯಿತೆಂದು ತಮ್ಮ ಕೇಳಿದಾಗ ತಡವರಿಸಿದಳು.

ಅಜ್ಜಿ ಬಗ್ಗಿ ನೋಡಿದಳು. "ಬೇಸಿಗೇಲಿ ಕೆರೆ ಅಂಗಳ ಬಿರುಕು ಬಿಡಲ್ವಾ, ಹಂಗೇ ಇದೆ."

ಕಾರಣವೂ ಹಾಗೆಯೇ. ಕೆರೆಯ ಮಣ್ಣು ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಮೇಲಿನಿಂದ ಕೆಳಕ್ಕೆ ಇಳಿದಾಗ ಕಂಬವಾಗುತ್ತದೆ. ಮೊಮ್ಮಗಳು ಪುಸ್ತಕ ತೆಗೆದು ಬರೆದುಕೊಂಡಳು.

ನಾಲ್ಕು ಗಂಟೆಗೆ ಮಲ್ಪೆಯ ಮರಳಿನ ಮೇಲೆ ಜಮಖಾನ ಹಾಸಿ ಕೂತೆವು. ಪಟ್ಟಿಯ ಪ್ರಕಾರ "ಏನೂ ಇಲ್ಲ". ಬಂದರಿನ ಕಡೆ ದೋಣಿಗಳು ಹೋಗಿ ಬಂದು ಮಾಡುತ್ತಿದ್ದವು. ಮಕ್ಕಳು ಮರಳಿನಲ್ಲಿ ಕೆರೆ ತೋಡಿ ಏರಿ ಕಟ್ಟಿದರು. ಅಲೆ ಬಂದು ಒಡೆಯಿತು, ಮತ್ತೆ ಕಟ್ಟಿದರು. ಅಜ್ಜಿ ಮಂಡಿ ನೀಡಿಕೊಂಡು ನೀರನ್ನೇ ನೋಡುತ್ತಿದ್ದಳು. ಆ ಎರಡೂವರೆ ಗಂಟೆ ಯಾತಕ್ಕೆ ಬೇಕಿತ್ತೆಂದು ನನಗೆ ಆಗ ತಿಳಿಯಿತು.

ಸೂರ್ಯ ಕೆಳಗಿಳಿಯುವಾಗ ಮೊಮ್ಮಗಳು ಗಡಿಯಾರ ನೋಡಿ ಹೇಳಿದಳು: "ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ನಮ್ಮೂರಿಗಿಂತ ಇಲ್ಲಿ ಸೂರ್ಯ ಸುಮಾರು 11 ನಿಮಿಷ ತಡವಾಗಿ ಮುಳುಗ್ತಾನೆ ಅಜ್ಜಿ."

"ಅವನು ಹನ್ನೊಂದು ನಿಮಿಷ ತಡ" ಎಂದಳು ಅಜ್ಜಿ, ನನ್ನ ಕಡೆ ತಿರುಗಿ. "ನಿಮ್ಮ ತಾತ ನಲವತ್ತೈದು ವರ್ಷ ತಡ."

ನಾನು ಏನೂ ಹೇಳಲಿಲ್ಲ. ಅವಳು ನಗುತ್ತಿದ್ದಳು. ರೈಲಿಗೆ ಇನ್ನೂ ಹೊತ್ತಿತ್ತು.