ಠಿಕಾಣಿ ಮೂಡುಬಿದಿರೆಯಲ್ಲಿ!

ಹೊರಾಂಗಣ ಚಿತ್ರೀಕರಣಕ್ಕೆ ಹೊರಟ ಯೂನಿಟ್ಟಿನವರು ಮೊದಲು ಕೇಳುವುದೇನು ಗೊತ್ತೇ? 'ರೂಮಿನಿಂದ ಲೊಕೇಶನ್ನಿಗೆ ಎಷ್ಟು ದೂರ?' ದಿನಾ ಎರಡು ಗಂಟೆ ವ್ಯಾನಿನಲ್ಲೇ ಕಳೆದರೆ ಬೆಳಕೂ ಹೋಯ್ತು, ದುಡ್ಡೂ ಹೋಯ್ತು! 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ತೆಗೆಯಲು ಶಂಕರ್‌ನಾಗ್ ದೊಡ್ಡ ಪೇಟೆಗಳನ್ನು ಬಿಟ್ಟು ಆಗುಂಬೆಯಲ್ಲಿ ಬೀಡುಬಿಟ್ಟದ್ದು ನಿಮಗೆ ಗೊತ್ತೇ ಇದೆ. ನಾವು ಪ್ರವಾಸಿಗಳು ಮಾತ್ರ ಸೀದಾ ಮಂಗಳೂರಿಗೆ ಬಂದು ಹಂಪನಕಟ್ಟೆಯ ಆಸುಪಾಸಿನಲ್ಲಿ ರೂಮು ಹಿಡಿದು ಕೂರುತ್ತೇವೆ.

ಮಂಗಳೂರಿನವನೇ ಹೀಗೆನ್ನಬಹುದೇ ಅಂತೀರಾ? ಅನ್ನಲೇಬೇಕು ಮಾರಾಯ್ರೆ!

ನನ್ನ ಸೋದರಮಾವನಿಗೆ ಎಪ್ಪತ್ತು ದಾಟಿದೆ. ಮೈಸೂರಿನವರು. ಮಂಡಿ ಆಪರೇಷನ್ನಿಗೆ ತಾರೀಖು ಗೊತ್ತಾಗಿತ್ತು. ಅದಕ್ಕೆ ಮೊದಲು, ಕಾಲು ತಮ್ಮದೇ ಆಗಿರುವಾಗಲೇ, ಕಾರ್ಕಳದ ಗೊಮ್ಮಟನನ್ನು ಮೆಟ್ಟಿಲು ಹತ್ತಿ ನೋಡಬೇಕೆಂಬ ಹಟ. ಕೈಯಲ್ಲಿದ್ದದ್ದು ಮೂರೇ ದಿನ. 'ಮೂಡುಬಿದಿರೆಯಲ್ಲಿ ಉಳಿಯೋಣ ಮಾವ' ಅಂದೆ. 'ಅಲ್ಲೇನಿದೆಯಪ್ಪಾ? ಕರಾವಳಿಗೆ ಬಂದ್ಮೇಲೆ ಸಮುದ್ರ ಬೇಡ್ವೆ?' ಅಂದರು. 'ಸಮುದ್ರ ಎಲ್ಲಿಗೂ ಓಡಿಹೋಗೋದಿಲ್ಲ, ಕೊನೇ ದಿನ ನೋಡುವ!'

ಲೆಕ್ಕ ನೋಡಿ. ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿ.ಮೀ. ಅಲ್ಲಿಂದ ಕಾರ್ಕಳ 18, ವೇಣೂರು 20ರ ಆಸುಪಾಸು. ಮಂಗಳೂರಿನಲ್ಲಿ ಮಲಗಿದರೆ ಗುರುಪುರ, ಕೈಕಂಬ ದಾಟಿ ಬೆಳಗ್ಗೆ ಆ 35, ಸಂಜೆ ಮತ್ತೆ ಆ 35. ಎರಡು ದಿನಕ್ಕೆ 140 ಕಿ.ಮೀ. ಸುಮ್ಮನೆ! ನೋವಿನ ಮಂಡಿಗೆ ಬಸ್ಸಿನ ಸೀಟಿನಷ್ಟು ದೊಡ್ಡ ವೈರಿ ಬೇರೆಯಿಲ್ಲ.

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ಬೆದ್ರ ತಲುಪಿದೆವು. (ತುಳುವಿನಲ್ಲಿ ಹಾಗೇ ಹೇಳುವುದು.) ಊರಲ್ಲೇ 18 ಬಸದಿಗಳುಂಟು. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಕಂಬಗಳನ್ನು ಎಲ್ಲರೂ ನೋಡುತ್ತಾರೆ. ಕಾರಿನಲ್ಲಿ ಬಂದು ಅರ್ಧ ಗಂಟೆಯಲ್ಲಿ ಓಡುವವರು ಜಗಲಿಯ ಬುಡ ನೋಡುವುದಿಲ್ಲ. ಅಲ್ಲಿ ಜಿರಾಫೆ ಉಂಟು! ಚೀನಾದ ಡ್ರ್ಯಾಗನ್ ಉಂಟು! ಆಫ್ರಿಕದ ಪ್ರಾಣಿ ಬಿದಿರೆಗೆ ಬಂದದ್ದು ಕಡಲ ವ್ಯಾಪಾರದ ದಾರಿಯಲ್ಲಿರಬೇಕು. ಮಾವ ಕನ್ನಡಕ ಒರೆಸಿ ಒರೆಸಿ ನೋಡಿದರು. ದಣಿವಾದಾಗ ರೂಮು ಹತ್ತು ನಿಮಿಷದಲ್ಲಿತ್ತು. ಮಲಗಿ ಎದ್ದು ಸಂಜೆ ಚೌಟರ ಅರಮನೆಯ ಮರದ ಕೆತ್ತನೆ ನೋಡಿಬಂದೆವು.

ಮರುದಿನ ಬಿಸಿಲೇರುವ ಮೊದಲೇ ಕಾರ್ಕಳ. 42 ಅಡಿಯ ಬಾಹುಬಲಿ, 1432ರಿಂದ ಆ ಬಂಡೆಯ ನೆತ್ತಿಯಲ್ಲಿ ನಿಂತವನು. ಮೆಟ್ಟಿಲಿಗೊಮ್ಮೆ ನಿಂತು, ನನ್ನ ಹೆಗಲು ಹಿಡಿದು, 'ಮಾತಾಡಿಸಬೇಡ' ಎನ್ನುತ್ತ ಹತ್ತಿದರು. ಮೇಲೆ ಹೋದ ಮೇಲೆ ಒಂದು ಗಂಟೆ ಮಾತೇ ಇಲ್ಲ. ಕೆಳಗಿಳಿಯಲು ಅವಸರವೂ ಇರಲಿಲ್ಲ, ಊಟದ ಹೊತ್ತಿಗೆ ಬಿದಿರೆ ಸೇರಿದರಾಯಿತಲ್ಲ! ಎದುರಿಗೇ ಕಾಣುವ 1586ರ ಚತುರ್ಮುಖ ಬಸದಿಯನ್ನೂ ನಿಧಾನ ನೋಡಿದೆವು.

ವೇಣೂರಿಗೆ ಅದೇ ಸಂಜೆ. ಫಲ್ಗುಣಿ ದಂಡೆಯ ಈ ಬಾಹುಬಲಿ 1604ರವನು, 35 ಅಡಿ. ಬೆಟ್ಟ ಹತ್ತುವ ಕಷ್ಟವಿಲ್ಲ. ಹಿರಿಯರಿದ್ದರೆ ಇದನ್ನೇ ಎರಡನೆಯದಾಗಿ ಇಟ್ಟುಕೊಳ್ಳಿ.

ಕೊನೇ ದಿನ ಮಂಗಳೂರು. ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಛಾವಣಿ ತುಂಬ ಚಿತ್ರ ಬರೆದ ಆಂಟೋನಿಯೋ ಮೊಸ್ಕೇನಿ ಇಟಲಿಯ ಬೆರ್ಗಮೋ ಪಕ್ಕದ ಸ್ಟೆಜ್ಜಾನೋ ಎಂಬ ಸಣ್ಣ ಊರಿನವನು, ಇಲ್ಲಿಗೆ ಬಂದದ್ದು 1899ರಲ್ಲಿ. ಮಾವ ಕತ್ತೆತ್ತಿ ನೋಡಿ, 'ಮಂಡಿ ಸರಿಹೋಯ್ತು, ಈಗ ಕುತ್ತಿಗೆ!' ಅಂದರು. ಸಮುದ್ರವೂ ಸಿಕ್ಕಿತು, ರೈಲಿಗೆ ಮೊದಲು.

ಒಂದು ಮಾತು. ಬಿದಿರೆ ಈಗ ಪೂರಾ ಮೌನದ ಊರಲ್ಲ. ಕಾಲೇಜು ಮಕ್ಕಳು ತುಂಬಿದ್ದಾರೆ. ಆಳ್ವಾಸ್ ವಿರಾಸತ್ ನಡೆಯುವ ದಿನಗಳಲ್ಲಂತೂ ಮೊದಲೇ ರೂಮು ಹೇಳಿಟ್ಟು ಬನ್ನಿ.