ಬೆಂಗಳೂರಲ್ಲಿ ಎರಡು ದಿನ, ಕಡಲೆಕಾಯಿ ಪರಿಷೆ

ಈ ಸಲ ಹೊಲದ ವಿಷಯ ಕಡಿಮೆ, ಬೆಂಗಳೂರಿನ ವಿಷಯ ಜಾಸ್ತಿ. ಕೊನೆಗೆ ಹೊಲಕ್ಕೇ ಬರ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ಬೆಂಗಳೂರಿಗೆ ಎಷ್ಟೋ ಸಲ ಹೋಗಿದ್ದೀನಿ. ಆಸ್ಪತ್ರೆಗೆ, ಪಂಪ್‌ಸೆಟ್ ಸಾಮಾನಿಗೆ, ಟೊಮೆಟೊ ಲೋಡ್ ಜೊತೆಗೆ. ಕೆಲಸ ಮುಗೀತಾ, ಬಸ್ ಹತ್ತು, ಅಷ್ಟೇ. ಊರು ನೋಡೋಕೆ ಅಂತ ಹೋಗಿದ್ದು ಇದೇ ಮೊದಲು. ಕಡಲೆಕಾಯಿ ಕಿತ್ತು ಮಂಡಿಗೆ ಹಾಕಿ ಆಗಿತ್ತು, ರಾಗಿ ಕೊಯ್ಲಿಗೆ ಇನ್ನೊಂದು ವಾರ ಇತ್ತು. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಲಿ ಪರಿಷೆ, ಇಬ್ಬರೂ ಬನ್ನಿ ಅಂತ ಮಗಳು ಕರೆದಳು.

ಇನ್ನೊಂದು ಕಾರಣಾನೂ ಇತ್ತು. ಕೆರೆ ಪಕ್ಕದ ನಮ್ಮ ಮೂರು ಎಕರೆಯನ್ನ ಲೇಔಟ್‌ನವರು ಕೇಳ್ತಿದ್ದಾರೆ. ಅದು ಅಣ್ಣಂದು ಅರ್ಧ, ನಂದು ಅರ್ಧ. ಅಣ್ಣನಿಗೆ ಕೊಡೋ ಮನಸ್ಸು. ಬಂದು ಹೇಳ್ತೀನಿ ಅಂತ ಬಸ್ ಹತ್ತಿದೆ.

ಭಾನುವಾರ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಅಳಿಯ ಹೇಳಿದ, "ಮಾವ, ನೀವು ನಿಂತಿರೋದು ಕೆರೆ ಅಂಗಳದಲ್ಲಿ." ಧರ್ಮಾಂಬುಧಿ ಕೆರೆ ಅಂತ ಅದರ ಹೆಸರು. ಕಂಠೀರವ ಸ್ಟೇಡಿಯಂ ಇರೋದೂ ಸಂಪಂಗಿ ಕೆರೆ ಜಾಗದಲ್ಲೇ. ಮೂವತ್ತು ವರ್ಷದಿಂದ ಮೆಜೆಸ್ಟಿಕ್‌ನಲ್ಲಿ ಹತ್ತಿ ಇಳಿದಿದ್ದೀನಿ, ನನಗೆ ಗೊತ್ತೇ ಇರಲಿಲ್ಲ. ನಮ್ಮವಳು ಸುಮ್ಮನೆ ಕಾಲ ಕೆಳಗೆ ನೋಡಿಕೊಂಡಳು.

ಅಲ್ಲಿಂದ ಮೆಟ್ರೋದಲ್ಲಿ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ, ಎಲ್ಲ ನೋಡಿದ್ವಿ. ನನಗೆ ಹಿಡಿಸಿದ್ದು ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. "ಒಳ್ಳೆ ಕಣ ಆಗ್ತಿತ್ತು, ರಾಗಿ ಬಡಿಯೋಕೆ" ಅಂದಳು ನಮ್ಮವಳು. ಬಂಡೆ ಮೇಲೆ ಕೆಂಪೇಗೌಡರ ಗೋಪುರ ಇದೆ. ಅಲ್ಲಿ ನಿಂತು ನೋಡಿದರೆ ತೋಟ ದಾಟಿದ ಮೇಲೆ ಬರೀ ಕಟ್ಟಡ. ಸಂಜೆ ವಿ.ವಿ. ಪುರಂ ತಿಂಡಿ ಬೀದಿಲಿ ಹೋಳಿಗೆ ತಿಂದ್ವಿ, ನಿಂತುಕೊಂಡೇ. ಕೂರೋಕೆ ಜಾಗ ಎಲ್ಲಿ.

ಸೋಮವಾರ ಪರಿಷೆ. ರಸ್ತೆ ಎರಡೂ ಕಡೆ ಕಡಲೆಕಾಯಿ ರಾಶಿ. ಹಸಿದು, ಹುರಿದದ್ದು, ಬೇಯಿಸಿದ್ದು. ಜನ ನಮ್ಮನ್ನ ತಳ್ಳಿಕೊಂಡೇ ಹೋದರು. ಹುರಿದದ್ದು ಸೇರಿಗೆ 50 ರೂಪಾಯಿ. ಮಗಳ ಮನೇಲಿ ತೂಗಿದರೆ 300 ಗ್ರಾಂ. ಅಂದ್ರೆ ಕೆಜಿಗೆ 160ರ ಮೇಲಾಯ್ತು. ನಾನು ಮಂಡಿಲಿ ಕೊಟ್ಟಿದ್ದು 58ಕ್ಕೆ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಆದರೆ ಮಾರೋ ಹೆಂಗಸನ್ನ ಮಾತಾಡಿಸಿದೆ. ಅವಳೂ ಮಂಡಿಲಿ ಕೊಂಡು ತಂದವಳು. ಸೌದೆ, ಮರಳು, ಗಾಡಿ ಬಾಡಿಗೆ, ಮೂರು ರಾತ್ರಿ ಫುಟ್‌ಪಾತ್ ಮೇಲೆ ನಿದ್ದೆ. ಹಂಗೇ ಏಳೆಂಟು ಜನರನ್ನ ಕೇಳಿದೆ. ಸ್ವಂತ ಬೆಳೆ ತಂದವನು ಒಬ್ಬನೇ ಸಿಕ್ಕ.

ಈ ಪರಿಷೆ ಕಥೆ ನಿಮಗೂ ಗೊತ್ತಿರಬಹುದು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಕಡೆ ರೈತರು ಕಡಲೆಕಾಯಿ ಬೆಳೀತಿದ್ರಂತೆ. ಒಂದು ಬಸವ ಬಂದು ತಿಂದು ಹೋಗ್ತಿತ್ತಂತೆ. ಕೊನೆಗೆ ಮೊದಲ ಬೆಳೆ ನಿನಗೇ ಕೊಡ್ತೀವಿ ಅಂತ ರೈತರು ಹರಕೆ ಹೊತ್ತರಂತೆ. ನಮ್ಮ ಕಡೆ ಹಂದಿಗೂ ಒಂದು ಗುಡಿ ಕಟ್ಟಿ ನೋಡಬೇಕು. ಈಗ ಒಂದೇ ಕಲ್ಲಿನ ಆ ದೊಡ್ಡ ಬಸವಣ್ಣ ಇದ್ದಾನೆ, ಹರಕೆ ಇದೆ, ಕಡಲೆಕಾಯಿ ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಬರುತ್ತೆ. ಸುಂಕೇನಹಳ್ಳಿ ಹೊಲ ಇದ್ದ ಕಡೆ ಮನೆಗಳು. ಎಂಟಿಆರ್ ಹೋಟೆಲ್ ಹೆಸರಿನ ಮೊದಲ ಅಕ್ಷರ ಮಾವಳ್ಳಿದು ಅಂತ ಅಳಿಯ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಅಲ್ಲಿ ಉತ್ತವರ ಮನೆತನ ಎಲ್ಲಿ ಹೋಯ್ತೋ. ಬಸವಣ್ಣನ ಮುಂದೆ ಕಡಲೆಕಾಯಿ ಇಟ್ಟು ಕೈ ಮುಗಿದಾಗ ನನ್ನ ಮನಸ್ಸಲ್ಲಿ ನಮ್ಮ ಮೂರು ಎಕರೆ ಮಾತ್ರ ಇತ್ತು.

ಮಂಗಳವಾರ ಊರಿಗೆ ಬಂದು ಅಣ್ಣನಿಗೆ ಹೇಳಿದೆ, ನನ್ನ ಪಾಲು ಕೊಡಲ್ಲ ಅಂತ. ಲೇಔಟ್‌ನವರಿಗೆ ಎರಡೂ ಪಾಲು ಒಟ್ಟಿಗೆ ಬೇಕು. ನಾನು ಬೇಡ ಅಂದ್ರೆ ಅವನದೂ ನಿಂತ ಹಾಗೆ. ಅವನಿಗೆ ಸಾಲ ಇದೆ, ಮೊಣಕಾಲು ನೋವು, ಮಕ್ಕಳು ಊರಲ್ಲಿಲ್ಲ. ಅವನದು ತಪ್ಪು ಅಂತ ನಾನು ಹೇಳಲ್ಲ. ಅವನ ಪಾಲನ್ನೂ ನಾನೇ ಗುತ್ತಿಗೆಗೆ ಮಾಡ್ತೀನಿ, ಸಾಲದ ಕಂತಿಗೆ ಕೈ ಹಾಕ್ತೀನಿ ಅಂತ ಅತ್ತಿಗೆ ಹತ್ತಿರ ಹೇಳಿ ಕಳಿಸಿದ್ದೀನಿ. ಎರಡು ದಿನ ಆಯ್ತು, ಅವನು ಮಾತಾಡಿಲ್ಲ.

ಬರೀ ಹಟದಿಂದ ಹೊಲ ಉಳಿಯಲ್ಲ ಅಂತ ನನಗೂ ಗೊತ್ತು. ಅದಕ್ಕೇ ಕೇಳ್ತಿದ್ದೀನಿ. ಬರೋ ವರ್ಷ ನಾವು ಐದಾರು ಜನ ಸೇರಿ, ಒಂದು ಟೆಂಪೋ ಮಾಡಿ, ನಮ್ಮದೇ ಕಾಯಿ ಪರಿಷೆಗೆ ಯಾಕೆ ತಗೊಂಡು ಹೋಗಬಾರದು? ಕೆಜಿಗೆ ಖರ್ಚೆಲ್ಲ ಕಳೆದು 90 ರೂಪಾಯಿ ಉಳಿದರೂ ಮಂಡಿಗಿಂತ ಮೇಲು. ಮೂರು ರಾತ್ರಿ ಫುಟ್‌ಪಾತ್ ಮೇಲೆ ಮಲಗೋಕೆ ತಯಾರಿರೋರು ಹೇಳಿ. ನಾಳೆ ರಾಗಿ ಕೊಯ್ಲು, ಮೋಡ ಬೇರೆ ಕಟ್ಟಿದೆ. ಇಲ್ಲಿಗೆ ನಿಲ್ಲಿಸ್ತೀನಿ.