ಸಾಲಿ ಹತ್ರ ಇರೋ ಮನಿ

ನಮ್ಮೂರು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕು. ಕೇರಿ ಯಾವುದೆಂದು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಗಂಡ ಹೆಂಡತಿ. ಒಬ್ಬಾತ ಸೆಂಟ್ರಿಂಗ್ ಕೆಲಸದವನು, ಒಬ್ಬಾಕಿ ಮಾರತ್ತಹಳ್ಳಿ ಬ್ರಿಜ್ಜಿನಾಚೆಯ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಗಳ ಕಸ ಮುಸುರೆ ಮಾಡುವವಳು. ಬರೆಯುತ್ತಿರುವುದು ಒಬ್ಬರಾದರೂ ಮಾತು ಇಬ್ಬರದು.

ಆ ಮೂರು ಮನೆಗಳಲ್ಲಿ ಒಂದು ಮನೆಯವರು ಲಂಡನ್ನಿಗೆ ಹೊರಟರು. ಗಂಡನ ಕಂಪನಿ ಕಳಿಸುತ್ತಿತ್ತು. ಒಂದು ತಿಂಗಳು ಅವರ ಮೇಜಿನ ಮೇಲೆ ಬರೀ ನಕ್ಷೆ. ಅಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲವಂತೆ. ಆದರೆ ಒಳ್ಳೆಯ ಶಾಲೆಗೆ ಮಕ್ಕಳು ಜಾಸ್ತಿ ಬಂದರೆ ಮನೆಯಿಂದ ಶಾಲೆಗೆ ದೂರ ಅಳೆದು ಹತ್ತಿರದವರಿಗೆ ಸೀಟು ಕೊಡುವುದು ಅಲ್ಲಿ ರೂಢಿಯಂತೆ. ಹಾಗಾಗಿ ಅಂಥ ಶಾಲೆಗಳ ಸುತ್ತ ಮನೆಗಳ ಬೆಲೆಯೂ ಹೆಚ್ಚು.

"ಮೊದ್ಲು ಸ್ಕೂಲು ನೋಡ್ತೀವಿ, ಆಮೇಲೆ ಮನೆ" ಅಂದರು ಮೇಡಂ.

"ನಾವೂ ಹಂಗ ಮಾಡಿದ್ವಿ ನೋಡ್ರಿ ಮೇಡಂ."

ಅವರು ನಕ್ಕರು. ಕೆಟ್ಟ ನಗೆಯಲ್ಲ. ನಮ್ಮಂಥವರಿಗೂ ಇಂಥದೊಂದು ಲೆಕ್ಕ ಇರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇವೆ.

2017ರಲ್ಲಿ ದುಡಿಯಾಕ ಅಂತ ಬೆಂಗಳೂರಿಗೆ ಬಂದೆವು. ಮಗಳಿಗೆ ಆರು ವರ್ಷ, ಮಗನಿಗೆ ಎರಡು. ನಮಗೆ ಇದೇ ಪರದೇಶ. ಕಂಟ್ರಾಕ್ಟರು ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು ಕೊಟ್ಟ. ಬಾಡಿಗೆ ಇಲ್ಲ. ಅದೇನು ಅವನ ಧರ್ಮವಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಅದು ಬರೆದಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ ಇರಬೇಕೆಂದೂ ಬರೆದಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಮಾತ್ರ. ಹೆಂಡತಿ ಜಲ್ಲಿ ಹೊತ್ತರೂ ಜೋಡಿ ಕೂಲಿ ಅಂತ ಗಂಡನ ಕೈಗೇ ಕೊಡುವುದು. ಹೆಸರೇ ಇಲ್ಲದವರ ಎಣಿಕೆ ಐವತ್ತು ಮುಟ್ಟುವುದು ಹ್ಯಾಗೆ? ಕೋಣೆಯ ಬದಲು ಮರಳಿನ ಗುಡ್ಡೆ ಇತ್ತು. ಅದರ ಮೇಲೆ ನಮ್ಮ ಮಗಳು ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಕೂತಿರುತ್ತಿದ್ದಳು. ಒಂದನೇ ಕ್ಲಾಸಿಗೆ ಹೋಗಬೇಕಾದ ವರ್ಷ ಹಾಗೇ ಹೋಯಿತು.

ಕಟ್ಟಡ ಮುಗಿದರೆ ಶೆಡ್ಡೂ ಕೀಳುತ್ತಾರೆ. ಮುಂದಿನ ಕಟ್ಟಡ ಎಲ್ಲೋ. ಪುಕ್ಕಟೆ ಶೆಡ್ಡಿನಲ್ಲಿದ್ದರೆ ಮಕ್ಕಳು ಸಾಲಿ ಕಾಣುವುದಿಲ್ಲ ಎಂದು ಗೊತ್ತಾಯಿತು. 2018ರಲ್ಲಿ ಬಾಡಿಗೆ ಮನೆ ಹುಡುಕಲು ಹೊರಟೆವು.

ಮೂರು ಭಾನುವಾರ ಮುನ್ನೇಕೊಳಲು, ಪಣತ್ತೂರು, ಚಿನ್ನಪ್ಪನಹಳ್ಳಿ ಅಂತ ತಿರುಗಿದೆವು. ಒಂದು ಕಡೆ ಸರ್ಕಾರಿ ಶಾಲೆಯ ಗಂಟೆ ಕೇಳುವಷ್ಟು ಹತ್ತಿರ ಒಂದು ಕೋಣೆ. 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು.

"ಯಾವ ಜನ ನೀವು?"

"ರಾಯಚೂರ ಕಡೇರ್ರಿ."

"ಅದಲ್ಲಮ್ಮ, ಜನ ಯಾವುದು ಅಂತ ಕೇಳಿದ್ದು."

ನಿಜ ಹೇಳಿದೆವು. "ಸಂಜೆ ಬನ್ನಿ, ಮನೆಯವರನ್ನ ಕೇಳಿ ಹೇಳ್ತೀನಿ" ಅಂದರು. ಸಂಜೆ ಹೋದರೆ "ಬೇರೆಯವರಿಗೆ ಕೊಟ್ಟಾಯ್ತು." ಆ ಬೋರ್ಡು ಆಮೇಲೂ ಒಂದು ತಿಂಗಳು ನೇತಾಡುತ್ತಿತ್ತು.

ಬಾಬಾಸಾಹೇಬರು ನ್ಯೂಯಾರ್ಕು, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಬದಲಿಸಿ ಇರಬೇಕಾಯಿತು. ಅಲ್ಲಿಗೂ ಬಡಿಗೆ ಹಿಡಿದು ಬಂದು ಓಡಿಸಿದರು. ಪರದೇಶದಲ್ಲಿ ಸಿಕ್ಕ ಮನೆ ಸ್ವದೇಶದಲ್ಲಿ ಸಿಗಲಿಲ್ಲ. ಹಾಗಂತ ಈಗ ಪರದೇಶ ಪೂರಾ ಚೊಕ್ಕಟ ಅಂತಲ್ಲ. ಇಂಗ್ಲೆಂಡಿನ ಸಮಾನತೆಯ ಕಾನೂನಿಗೆ ಜಾತಿಯನ್ನೂ ಸೇರಿಸಬೇಕೆಂದು ಅಲ್ಲಿನ ಪಾರ್ಲಿಮೆಂಟು 2013ರಲ್ಲಿ ತೀರ್ಮಾನಿಸಿತು. 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ನಮ್ಮವರು ಸಾಮಾನಿನ ಜೊತೆಗೆ ಜಾತಿಯನ್ನೂ ವಿಮಾನಕ್ಕೆ ಹಾಕಿದ್ದಾರೆ.

ಕೊನೆಗೆ ಜನ ಕೇಳದ ಜಾಗ ಸಿಕ್ಕಿತು. ಖಾಲಿ ಜಮೀನಿನಲ್ಲಿ ಸಾಲಾಗಿ ತಗಡಿನ ಶೆಡ್ಡುಗಳು, ಇಪ್ಪತ್ತು ಮನೆಗೆ ಎರಡು ಕಕ್ಕಸು, ಬಾಡಿಗೆ ಮೂರು ಸಾವಿರ. ಅಲ್ಲಿಂದ ಅರ್ಧ ಕಿಲೋಮೀಟರಿಗೆ ಒಂದು ಶಾಲೆ ಇತ್ತು, ಆದರೆ ರಿಂಗ್ ರೋಡಿನ ಆಚೆ. ಶಿಕ್ಷಣ ಹಕ್ಕಿನ ನಿಯಮದಲ್ಲಿ ಐದನೆಯವರೆಗೆ 1 ಕಿಲೋಮೀಟರಿನಲ್ಲಿ, ಎಂಟರವರೆಗೆ 3 ಕಿಲೋಮೀಟರಿನಲ್ಲಿ ಶಾಲೆ ಇರಬೇಕೆಂದಿದೆ. ದೂರ ಅಳೆಯುವವರು ನಡುವಿನ ರಸ್ತೆಯನ್ನು ಅಳೆಯುವುದಿಲ್ಲ. ನಾವು ಮಗಳ ಕೈ ಹಿಡಿದು ಆ ರಸ್ತೆ ದಾಟಲು ನಿಂತೆವು. ಕಂಪನಿ ಬಸ್ಸು, ಕ್ಯಾಬು, ಟ್ಯಾಂಕರು. ಹತ್ತು ನಿಮಿಷ ನಿಂತರೂ ಆಗಲಿಲ್ಲ. ಈ ಕಡೆಯೇ ಇಪ್ಪತ್ತೈದು ನಿಮಿಷ ನಡೆಯುವ ಇನ್ನೊಂದು ಶಾಲೆಗೆ ಹಚ್ಚಿದೆವು.

"ಪ್ರೈವೇಟಿಗೆ ಆರ್‌ಟಿಇ ಅರ್ಜಿ ಹಾಕ್ರಿ" ಅಂತ ಪಕ್ಕದ ಶೆಡ್ಡಿನವರು ಹೇಳಿದರು. ನಮ್ಮ ವಿಳಾಸ ಇನ್ನೂ ದೇವದುರ್ಗ, ಶೆಡ್ಡಿಗೆ ನಂಬರೇ ಇಲ್ಲ. 2019ರಲ್ಲಿ ನಿಯಮವೂ ಬದಲಾಯಿತು: ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಇಲ್ಲ. ಸರ್ಕಾರಿ ಶಾಲೆ ನಮಗೆ ಬೇಜಾರಿಲ್ಲ. ಅಲ್ಲಿ ಬಿಸಿಯೂಟ ಇದೆ, ಹಾಲು ಇದೆ, ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಬೇಜಾರೇನೆಂದರೆ, ನಾವು ಕಟ್ಟಿದ ಮನೆಗಳ ಮಕ್ಕಳು ಅಲ್ಲಿಗೆ ಬರುವುದಿಲ್ಲ.

2020ರ ಜನವರಿಯಲ್ಲಿ ಇಲ್ಲೇ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಎಂಬ ಹೆಸರಿಟ್ಟು ಶೆಡ್ಡುಗಳನ್ನು ಕೆಡವಿದರು. ಅಲ್ಲಿ ನಮ್ಮ ಉತ್ತರ ಕರ್ನಾಟಕದ ಕನ್ನಡದ ಜನವೂ ಇದ್ದರು. ಹೈಕೋರ್ಟು ನಡುವೆ ಬಂದು ತಡೆಯಿತು, ಆದರೆ ಮುರಿದ ತಗಡು ಮುರಿದದ್ದೇ. ನಮ್ಮ ಸಾಲು ಉಳಿಯಿತು. ಅವತ್ತಿನಿಂದ ಮಕ್ಕಳ ಆಧಾರು, ಜಾತಿ ಸರ್ಟಿಫಿಕೇಟು, ಅಂಕಪಟ್ಟಿ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಾಗಿಲಿಗೇ ತೂಗುಹಾಕಿರುತ್ತೇವೆ. ಬೆಂಕಿ ಬರಲಿ, ಜೇಸಿಬಿ ಬರಲಿ, ಮೊದಲು ಕೈಗೆ ಸಿಗಬೇಕು.

ಮಗಳು ಈಗ ಎಂಟನೇ ಕ್ಲಾಸು. ಶಿಕ್ಷಣದ ಹಕ್ಕು ಹದಿನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಆಕೆಗೆ ಹದಿನಾಲ್ಕು ತುಂಬಿದೆ. ಸರ್ಕಾರ ಕೈಬಿಡುವ ವಯಸ್ಸಿಗೇ ಊರು ಕೈಹಾಕುತ್ತದೆ. ಊರಿಂದ ಅಜ್ಜಿ ಫೋನು ಮಾಡುತ್ತಾಳೆ: "ಸಾಕ್ ಬಿಡ್ರಿ ಓದಿದ್ದು, ಊರಿಗಿ ಕಳಸ್ರಿ, ಒಂದ್ ಗಂಡು ಐತಿ." ಇತ್ತ ಮೇಸ್ತ್ರಿಯೂ ಆಸೆ ಹಚ್ಚಿದ್ದಾನೆ. ಹೊಸಕೋಟೆ ಕಡೆ ದೊಡ್ಡ ಕೆಲಸ, ದಿನಕ್ಕೆ ನೂರು ರೂಪಾಯಿ ಜಾಸ್ತಿ, ಶೆಡ್ಡು ಪುಕ್ಕಟೆ. ತಿಂಗಳಿಗೆ ಐದಾರು ಸಾವಿರ ಉಳಿಯುತ್ತದೆ. ಸಾಲ ತೀರುತ್ತದೆ.

ಎರಡು ರಾತ್ರಿ ಲೆಕ್ಕ ಹಾಕಿದೆವು. ಮಗಳು ಮಲಗಿದಂತೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದು, "ಅಲ್ಲಿ ಹೈಸ್ಕೂಲು ಎಷ್ಟು ದೂರ ಐತಿ ಅಂತ ಕೇಳಿದ್ರೇನು?" ಅಂದಳು. ಕೇಳಿದೆವು. ಮೇಸ್ತ್ರಿಗೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಕಟ್ಟಡದ ನಕ್ಷೆಯಲ್ಲಿ ಕಾರು ನಿಲ್ಲಿಸುವ ಜಾಗ ಇದೆ, ಈಜುವ ಕೊಳ ಇದೆ. ಮೂರು ವರ್ಷ ಅಲ್ಲೇ ಇದ್ದು ಅದನ್ನು ಕಟ್ಟುವವರ ಮಕ್ಕಳು ಎಲ್ಲಿ ಓದುತ್ತಾರೆ ಎಂದು ನಕ್ಷೆಗೆ ಸಹಿ ಹಾಕುವವರು ಕೇಳುವುದಿಲ್ಲ. ನಾವೆಲ್ಲ ಕೂಡಿ ಅದನ್ನು ಕೇಳಿಸಬೇಕು. ಆ ಸಹಿಗೆ ಮೊದಲೇ ಕೇಳಿಸಬೇಕು.

ಲಂಡನ್ನಿನಿಂದ ಮೇಡಂ ಫೋನಿಗೆ ಮೆಸೇಜು ಹಾಕಿದ್ದರು. ಮಗುವಿಗೆ ಸೀಟು ಸಿಕ್ಕಿದೆ, ಮನೆಯಿಂದ ಏಳು ನಿಮಿಷ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮದು ಇಪ್ಪತ್ತೈದು ನಿಮಿಷ ಇತ್ತು, ಹೈಸ್ಕೂಲಿಗೆ ಈಗ ನಲವತ್ತು.

ಇಲ್ಲೇ ಇರುತ್ತೇವೆ. ನಾಳೆ ಮೇಸ್ತ್ರಿಗೆ ಬರೋದಿಲ್ಲ ಅಂತ ಹೇಳಬೇಕು. ಅಜ್ಜಿಗೂ ಹೇಳಬೇಕು.